ಲೇಪನವಿರುವ ಕ್ಯಾಥೋಡೇ ಬೇಗ ಸೋತರೆ: ದೋಷ ಹುಡುಕುವ ದಾರಿ

ಈ ಕೈಪಿಡಿ ಲಿಥಿಯಂ ಅಯಾನ್ ಬ್ಯಾಟರಿಯ ಸೆಲ್‌ಗಳಲ್ಲಿ ಕಾಣುವ ಒಂದೇ ಒಂದು ದೋಷವನ್ನು ಕುರಿತದ್ದು. ನಿಕಲ್ ಅಂಶ ಹೆಚ್ಚಿರುವ ಎನ್‌ಎಂಸಿ 811 (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ 8:1:1 ಪ್ರಮಾಣದಲ್ಲಿರುವ ಲಿಥಿಯಂ ಆಕ್ಸೈಡ್) ಪುಡಿಗೆ ಅಲ್ಯೂಮಿನಾದ, ಅಂದರೆ ಅಲ್ಯೂಮಿನಿಯಂ ಆಕ್ಸೈಡಿನ, ತೆಳುವಾದ ಲೇಪನ ಕೊಟ್ಟು, ಆ ಪುಡಿಯಿಂದ ಕ್ಯಾಥೋಡ್ (ಧನ ಎಲೆಕ್ಟ್ರೋಡ್) ಹಾಳೆ ಎಳೆದು, ಸಿಆರ್2032 ಅಳತೆಯ ಬಟನ್ ಸೆಲ್ ಕಟ್ಟಿ ಪರೀಕ್ಷಾ ಯಂತ್ರಕ್ಕೆ ಹಾಕುತ್ತೇವೆ. ಲೇಪನವಿಲ್ಲದ ಸೆಲ್‌ಗಿಂತ ಇದು ಹೆಚ್ಚು ಕಾಲ ಬಾಳಬೇಕು. ಆದರೆ ಐವತ್ತು ಸುತ್ತು (ಒಂದು ಚಾರ್ಜ್, ಒಂದು ಡಿಸ್ಚಾರ್ಜ್ ಸೇರಿ ಒಂದು ಸುತ್ತು) ಮುಗಿಯುವ ಮೊದಲೇ ಲೇಪನವಿರುವ ಸೆಲ್‌ನ ಸಾಮರ್ಥ್ಯ ಇನ್ನೊಂದಕ್ಕಿಂತ ಕೆಳಗೆ ಇಳಿದಿರುತ್ತದೆ. ಹಾಸನದ ನಮ್ಮ ಪುಟ್ಟ ಪ್ರಯೋಗಾಲಯದಲ್ಲಿ ಇದು ಒಂದು ಮಳೆಗಾಲ ಪೂರ್ತಿ ನಮ್ಮನ್ನು ಕಾಡಿತು. ಆ ತಿಂಗಳುಗಳಲ್ಲಿ ನಾವು ಲೇಪನದ ದಪ್ಪವನ್ನು ಹೆಚ್ಚಿಸಿದೆವು, ತಗ್ಗಿಸಿದೆವು, ಕುಲುಮೆಯ ತಾಪಮಾನ ಬದಲಿಸಿದೆವು. ಪ್ರತಿ ಸಲವೂ ಲೇಪನವನ್ನೇ ಅನುಮಾನಿಸಿದೆವು. ಅನುಮಾನಿಸಬೇಕಾದದ್ದು ಲೇಪನವನ್ನಲ್ಲ, ಲೇಪನ ಮಾಡುವಾಗ ಪುಡಿ ನಡೆದು ಬಂದ ಹಾದಿಯನ್ನು ಎಂಬುದು ಅರ್ಥವಾಗಲು ತಡವಾಯಿತು. ಇದೇ ಕೆಲಸದಲ್ಲಿ ತೊಡಗಿರುವ ಇತರರಿಗೆ ಆ ತಡ ಆಗದಿರಲಿ ಎಂದು ಇಲ್ಲಿ ಪರೀಕ್ಷೆಯ ಕ್ರಮವನ್ನು ಬರೆದಿಡುತ್ತಿದ್ದೇನೆ.

ಲೇಪನದಿಂದ ಏನನ್ನು ನಿರೀಕ್ಷಿಸಬಹುದು

ಸೆಲ್‌ನೊಳಗೆ ಅಯಾನುಗಳನ್ನು ಸಾಗಿಸುವ ದ್ರವವಾದ ಎಲೆಕ್ಟ್ರೋಲೈಟಿನಲ್ಲಿ ಕರಗಿರುವ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಲವಣಕ್ಕೆ ನೀರಿನ ಸೋಂಕು ತಗುಲಿದರೆ ಫಾಸ್ಫರಸ್ ಪೆಂಟಾಫ್ಲೋರೈಡಿನ ಮೂಲಕ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ. ಅದು ಕ್ಯಾಥೋಡಿನ ಆಕ್ಸೈಡ್ ಮೈಯನ್ನು ಕೊರೆಯುತ್ತದೆ. ಕರಗಿ ಹೊರಬಂದ ಮ್ಯಾಂಗನೀಸ್ ಮತ್ತು ನಿಕಲ್ ಅಯಾನುಗಳು ಎದುರಿನ ಆನೋಡಿಗೆ (ಋಣ ಎಲೆಕ್ಟ್ರೋಡಿಗೆ) ಹೋಗಿ ಅಲ್ಲಿನ ರಕ್ಷಕ ಪೊರೆಯನ್ನು ಕೆಡಿಸುತ್ತವೆ. ಇದರ ಜೊತೆಗೆ, 4.3 ವೋಲ್ಟ್‌ವರೆಗೆ ಚಾರ್ಜ್ ಆದ ನಿಕಲ್ ಸಮೃದ್ಧ ಆಕ್ಸೈಡಿನ ಮೇಲ್ಮೈ ಎಲೆಕ್ಟ್ರೋಲೈಟಿನೊಂದಿಗೆ ನೇರವಾಗಿ ವರ್ತಿಸಿ ಆಮ್ಲಜನಕ ಕಳೆದುಕೊಂಡು, ಪದರ ಪದರವಾಗಿದ್ದ ರಚನೆಯನ್ನು ಬಿಟ್ಟು ಕಲ್ಲುಪ್ಪಿನ ರಚನೆಗೆ ತಿರುಗುತ್ತದೆ. ಆ ರಚನೆಯ ಮೂಲಕ ಲಿಥಿಯಂ ಸಲೀಸಾಗಿ ಸಾಗಲಾರದು. ಕೆಲವೇ ನ್ಯಾನೊಮೀಟರ್ ದಪ್ಪದ ಅಲ್ಯೂಮಿನಾ, ಜಿರ್ಕೋನಿಯಾ ಅಥವಾ ಫಾಸ್ಫೇಟಿನ ಪದರ ಕ್ಯಾಥೋಡ್ ಮತ್ತು ಎಲೆಕ್ಟ್ರೋಲೈಟಿನ ನಡುವೆ ನಿಂತು ಇಬ್ಬರನ್ನೂ ದೂರ ಇಡಬೇಕು.

ಅಲ್ಯೂಮಿನಾ ಹೈಡ್ರೋಜನ್ ಫ್ಲೋರೈಡನ್ನು ಹೀರಿಕೊಳ್ಳುತ್ತದೆ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಆ ಲೆಕ್ಕವನ್ನು ಕೊನೆಯವರೆಗೆ ಮಾಡಿ ನೋಡಬೇಕು. ಒಂದು ಅಲ್ಯೂಮಿನಾ ಘಟಕ ಆರು ಹೈಡ್ರೋಜನ್ ಫ್ಲೋರೈಡ್ ಅಣುಗಳನ್ನು ತೆಗೆದುಕೊಂಡು ಎರಡು ಅಲ್ಯೂಮಿನಿಯಂ ಫ್ಲೋರೈಡ್ ಮತ್ತು ಮೂರು ನೀರಿನ ಅಣುಗಳನ್ನು ಕೊಡುತ್ತದೆ. ಆ ಮೂರು ನೀರಿನ ಅಣುಗಳು ಮತ್ತೆ ಮೂರು ಫಾಸ್ಫರಸ್ ಪೆಂಟಾಫ್ಲೋರೈಡ್ ಅಣುಗಳೊಂದಿಗೆ ಸೇರಿದರೆ ಹುಟ್ಟುವುದು ಆರು ಹೈಡ್ರೋಜನ್ ಫ್ಲೋರೈಡ್. ಹೋದಷ್ಟೇ ತಿರುಗಿ ಬಂತು. ನಡುವೆ ಉಳಿದ ಫ್ಲೋರೈಡ್ ಪದರಕ್ಕೆ ತನ್ನದೇ ಆದ ತಡೆಯುವ ಗುಣವಿದೆ ಎಂಬುದು ಲಾಭವೇ, ಆದರೆ ಒದ್ದೆಯಾದ ಸೆಲ್ಲನ್ನು ಲೇಪನ ಒಣಗಿಸಿ ಕೊಡುತ್ತದೆ ಎಂದು ನಂಬುವುದಕ್ಕೆ ಈ ಲೆಕ್ಕದಲ್ಲಿ ಆಧಾರವಿಲ್ಲ. ದೋಷ ಹುಡುಕುವಾಗ ನಾನು ಮೊದಲು ನೀರನ್ನೇ ಹುಡುಕುವುದು ಈ ಕಾರಣಕ್ಕೆ.

ಮೂರನೆಯ ಪುಡಿ

ಸಾಮಾನ್ಯವಾಗಿ ಎಲ್ಲರೂ ಎರಡು ಪುಡಿಗಳನ್ನು ಹೋಲಿಸುತ್ತಾರೆ: ಲೇಪನವಿರುವುದು ಮತ್ತು ಇಲ್ಲದ್ದು. ನಾವೂ ಹಾಗೆಯೇ ಮಾಡುತ್ತಿದ್ದೆವು. ಆದರೆ ಲೇಪನವಿಲ್ಲದ ಪುಡಿ ಕಂಪನಿಯಿಂದ ಬಂದ ಮೊಹರು ಮಾಡಿದ ಪೊಟ್ಟಣದಿಂದ ನೇರವಾಗಿ ಸ್ಲರಿಗೆ (ಪುಡಿ, ಕಾರ್ಬನ್, ಅಂಟು, ದ್ರಾವಕ ಕಲಸಿದ, ಹಾಳೆಗೆ ಹಚ್ಚುವ ಮಿಶ್ರಣಕ್ಕೆ) ಹೋಗಿರುತ್ತದೆ. ಲೇಪನವಿರುವ ಪುಡಿಯಾದರೋ ಆಲ್ಕೊಹಾಲಿನಲ್ಲಿ ಗಂಟೆಗಟ್ಟಲೆ ತಿರುಗಿ, ಒಣಗಿ, ಕುಲುಮೆಗೆ ಹೋಗಿ, ಆರಿ, ಜರಡಿ ಹಿಡಿಸಿಕೊಂಡು ಬಂದಿರುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ಅಲ್ಯೂಮಿನಾ ಒಂದೇ ಅಲ್ಲ. ಆದ್ದರಿಂದ ಮೂರನೆಯ ಪುಡಿಯೊಂದು ಬೇಕು: ಅದೇ ಆಲ್ಕೊಹಾಲು, ಅಷ್ಟೇ ಹೊತ್ತು, ಅದೇ ಕುಲುಮೆ, ಅದೇ ದಿನ, ಆದರೆ ಅಲ್ಯೂಮಿನಿಯಂ ಮಾತ್ರ ಹಾಕದ ಪುಡಿ. ನಾವು ಇದನ್ನು ಖಾಲಿ ಪುಡಿ ಎಂದು ಕರೆಯುತ್ತೇವೆ.

ಖಾಲಿ ಪುಡಿಯ ಸೆಲ್ ಲೇಪನವಿರುವ ಸೆಲ್‌ನಷ್ಟೇ ಬೇಗ ಸೋತರೆ ತಪ್ಪು ಲೇಪನದ್ದಲ್ಲ, ಹಾದಿಯದ್ದು. ಖಾಲಿ ಪುಡಿ ಮೂಲ ಪುಡಿಯಂತೆಯೇ ನಡೆದು, ಲೇಪನವಿರುವುದು ಮಾತ್ರ ಸೋತರೆ ಆಗ ಲೇಪನವನ್ನು ಪ್ರಶ್ನಿಸಬಹುದು. ಈ ಒಂದು ಪರೀಕ್ಷೆ ಮುಂದಿನ ಅರ್ಧ ಕೆಲಸವನ್ನು ಉಳಿಸುತ್ತದೆ. ಪ್ರತಿಯೊಂದು ಪುಡಿಯಿಂದ ಕನಿಷ್ಠ ಮೂರು ಸೆಲ್ ಕಟ್ಟಬೇಕು. ಒಂದೇ ಸೆಲ್‌ನ ಫಲಿತಾಂಶವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಮುಚ್ಚಳ ಒತ್ತುವಾಗ ಆಗುವ ಸಣ್ಣ ಓರೆಯೂ ಸೆಲ್ಲನ್ನು ಕೊಲ್ಲಬಲ್ಲದು.

ನಮ್ಮಲ್ಲಿ ಆದದ್ದು ಇದು. ಪುನರ್ವಸು ಮಳೆ ಹಿಡಿದಿತ್ತು. ಹಾಸನದಲ್ಲಿ ಮಳೆ ಸಕಲೇಶಪುರದಷ್ಟು ಸುರಿಯುವುದಿಲ್ಲ, ಆದರೆ ಸೋನೆ ಶುರುವಾದರೆ ಗೋಡೆ, ಕಾಗದ, ಬಟ್ಟೆ ಎಲ್ಲವೂ ತಣ್ಣಗೆ ಅಂಟುತ್ತವೆ. ಖಾಲಿ ಪುಡಿಯ ಮೂರೂ ಸೆಲ್‌ಗಳು ಲೇಪನವಿರುವ ಸೆಲ್‌ಗಳ ಗೆರೆಯ ಮೇಲೆಯೇ ಗೆರೆ ಎಳೆದಂತೆ ಇಳಿಯುವುದನ್ನು ನೋಡಿದ ಮೇಲೆ ನಾನು ಪುಡಿ ಹೋದ ದಾರಿಯನ್ನು ಹಿಂದಕ್ಕೆ ಕೇಳುತ್ತಾ ಹೋದೆ. ಕುಲುಮೆ ನೋಡಿಕೊಳ್ಳುವ ಹುಡುಗ ಏನನ್ನೂ ಮುಚ್ಚಿಡಲಿಲ್ಲ: "ಬೇಗ ಆರ್ಲಿ ಅಂತ ಬಾಗ್ಲು ಸ್ವಲ್ಪ ತೆಗ್ದಿಟ್ಟಿದ್ದೆ ಮೇಡಂ, ರಾತ್ರಿ ಪೂರ್ತಿ ಹಂಗೇ ಇತ್ತು." ಬಾಗಿಲನ್ನು ಯಾವಾಗ ತೆಗೆಯಬೇಕು, ಪುಡಿಯನ್ನು ಎಷ್ಟು ಬಿಸಿಯಿರುವಾಗ ಹೊರತೆಗೆಯಬೇಕು ಎಂದು ನಮ್ಮ ಕಾರ್ಯಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ. ಬರೆಯದಿದ್ದ ತಪ್ಪು ನನ್ನದು. ಕಾಫಿ ಕಣದಲ್ಲಿ ಹಣ್ಣು ಒಣಗಿಸುವವರು ಸಂಜೆಯಾಗುತ್ತಲೇ ಹರಡಿದ್ದನ್ನು ರಾಶಿ ಮಾಡಿ ಟಾರ್ಪಾಲು ಹೊದಿಸುವುದು ಏಕೆಂದು ಈ ಜಿಲ್ಲೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಹಗಲು ಒಣಗಿದ್ದು ರಾತ್ರಿ ತೇವವನ್ನು ತಿರುಗಿ ಎಳೆದುಕೊಳ್ಳುತ್ತದೆ. ನಿಕಲ್ ಸಮೃದ್ಧ ಪುಡಿಯೂ ಹಾಗೆಯೇ ಎಳೆದುಕೊಳ್ಳುತ್ತದೆ, ಆದರೆ ಮತ್ತೆ ಒಣಗಿಸಿದರೆ ಕಾಫಿಯಂತೆ ಹಿಂದಿನ ಸ್ಥಿತಿಗೆ ಬರುವುದಿಲ್ಲ.

ಇಳಿಯುವ ಗೆರೆಯನ್ನು ಓದುವುದು

ಸೆಲ್ ಬಿಚ್ಚುವ ಮೊದಲು ಸಾಮರ್ಥ್ಯದ ಗೆರೆ ಏನು ಹೇಳುತ್ತದೆ ಎಂದು ನೋಡಬೇಕು. ಇದಕ್ಕೆ ಖರ್ಚಿಲ್ಲ.

ಮೊದಲ ಸುತ್ತಿನಲ್ಲೇ ಸಾಮರ್ಥ್ಯ ಕಡಿಮೆ ಇದ್ದರೆ, ಇಪ್ಪತ್ತು ಗಂಟೆಗೆ ಒಂದು ಡಿಸ್ಚಾರ್ಜ್ ಆಗುವಷ್ಟು ನಿಧಾನದ ವೇಗಕ್ಕೆ ಇಳಿಸಿ ಇನ್ನೊಮ್ಮೆ ಅಳೆಯಬೇಕು. ಎನ್‌ಎಂಸಿ 811 ಲಿಥಿಯಂ ಲೋಹದ ಎದುರು 4.3 ವೋಲ್ಟ್‌ವರೆಗೆ ನಿಧಾನವಾಗಿ ನಡೆದಾಗ ಗ್ರಾಮಿಗೆ ಸುಮಾರು 190ರಿಂದ 200 ಮಿಲಿಆಂಪಿಯರ್-ಗಂಟೆ ಕೊಡುತ್ತದೆ. ನಿಧಾನದಲ್ಲಿ ಆ ಅಂಕಿ ಬಂದು ವೇಗದಲ್ಲಿ ಮಾತ್ರ ಬೀಳುತ್ತಿದ್ದರೆ ಪುಡಿ ಕೆಟ್ಟಿಲ್ಲ, ದಾರಿಯಲ್ಲಿ ರೋಧ ಹೆಚ್ಚಿದೆ: ಲೇಪನ ದಪ್ಪವಾಗಿರಬಹುದು, ಅಥವಾ ಕಾರ್ಬನ್ ಮತ್ತು ಪುಡಿಯ ನಡುವಿನ ಸಂಪರ್ಕ ಕಡಿದಿರಬಹುದು. ನಿಧಾನದಲ್ಲೂ ಬಾರದಿದ್ದರೆ ಒಂದೋ ಪುಡಿಯ ಮೈ ಕೆಟ್ಟಿದೆ, ಇಲ್ಲವೇ ತೂಕದ ಲೆಕ್ಕ ತಪ್ಪಿದೆ. ತೂಕದ ವಿಷಯವನ್ನು ಮುಂದೆ ಬೇರೆಯಾಗಿಯೇ ಬರೆದಿದ್ದೇನೆ.

ಚೆನ್ನಾಗಿ ಶುರುವಾಗಿ ಪ್ರತಿ ಸುತ್ತಿಗೂ ಒಂದೇ ಸಮನೆ ಇಳಿಯುತ್ತಾ, ಜೊತೆಗೆ ಚಾರ್ಜ್ ಮತ್ತು ಡಿಸ್ಚಾರ್ಜ್ ಗೆರೆಗಳ ನಡುವಿನ ವೋಲ್ಟೇಜ್ ಅಂತರವೂ ಅಗಲವಾಗುತ್ತಿದ್ದರೆ, ಮೇಲ್ಮೈಯಲ್ಲಿ ಏನೋ ಬೆಳೆಯುತ್ತಿದೆ ಎಂದರ್ಥ. ನೀರು ಸೇರಿದ ಸೆಲ್‌ಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಈ ರೂಪವನ್ನು. ಆದರೆ ಬಹಳ ಹೊತ್ತು ನೆಟ್ಟಗೆ ನಡೆದು ಇದ್ದಕ್ಕಿದ್ದಂತೆ ಮುಗ್ಗರಿಸಿದರೆ ಕ್ಯಾಥೋಡನ್ನು ದೂರುವ ಮೊದಲು ಎದುರಿನ ಲಿಥಿಯಂ ಹಾಳೆಯನ್ನು ನೋಡಬೇಕು. ಲಿಥಿಯಂ ಲೋಹದ ಮೈ ಪ್ರತಿ ಸುತ್ತಿಗೂ ಸ್ಪಂಜಿನಂತೆ ಉಬ್ಬಿ ಎಲೆಕ್ಟ್ರೋಲೈಟನ್ನು ಕುಡಿಯುತ್ತಾ ಹೋಗುತ್ತದೆ. ಅದು ಬತ್ತಿದ ದಿನ ಸೆಲ್ ಕುಸಿಯುತ್ತದೆ. ಚಾರ್ಜ್ ಮುಗಿಯುವುದೇ ಇಲ್ಲ, ಒಳಗೆ ಹೋದದ್ದು ಹೊರಗೆ ಬಂದದ್ದಕ್ಕಿಂತ ಎಷ್ಟೋ ಹೆಚ್ಚು ಎಂದು ಯಂತ್ರ ತೋರಿಸಿದರೆ ಅದು ಒಳಗಿನ ಸಣ್ಣ ಶಾರ್ಟ್. ಆ ಸೆಲ್ಲನ್ನು ಲೆಕ್ಕದಿಂದ ಬಿಡಬೇಕು.

ಇನ್ನೊಂದು ರೂಪವಿದೆ, ಅದು ನಮ್ಮನ್ನು ಎರಡು ವಾರ ದಾರಿ ತಪ್ಪಿಸಿತು. ಸಾಮರ್ಥ್ಯದ ಗೆರೆ ಅಲೆ ಅಲೆಯಾಗಿ ಏರಿ ಇಳಿಯುತ್ತಿತ್ತು. ಲೇಪನದ ಪದರ ಬಿರಿಯುತ್ತಾ ಮತ್ತೆ ಕೂಡುತ್ತಾ ಇದೆಯೇನೋ ಎಂದು ಊಹಿಸಿದ್ದೆವು. ಗೆರೆಯ ಕೆಳಗೆ ಸುತ್ತಿನ ಸಂಖ್ಯೆಯ ಬದಲು ಗಡಿಯಾರದ ಹೊತ್ತನ್ನು ಹಾಕಿದಾಗ ಪ್ರತಿ ತಗ್ಗೂ ಬೆಳಗಿನ ಜಾವಕ್ಕೆ ಬಿದ್ದಿತ್ತು. ತಣ್ಣಗಾದಾಗ ಸೆಲ್‌ನ ರೋಧ ಹೆಚ್ಚುತ್ತದೆ, ಸಾಮರ್ಥ್ಯ ಇಳಿದಂತೆ ಕಾಣುತ್ತದೆ, ಬಿಸಿಲೇರಿದರೆ ತಿರುಗಿ ಬರುತ್ತದೆ. ಧನುರ್ಮಾಸದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಸೆಲ್‌ಗಳನ್ನು ಒಂದೇ ತಾಪಮಾನದಲ್ಲಿ ಹಿಡಿದಿಡುವ ಪೆಟ್ಟಿಗೆಯಲ್ಲಿ ಇಡದೆ ಎರಡು ಪುಡಿಗಳನ್ನು ಹೋಲಿಸುವುದು ಸಲ್ಲದು; ಪೆಟ್ಟಿಗೆ ಇಲ್ಲದವರು ಕನಿಷ್ಠ ಮೂರೂ ಪುಡಿಗಳ ಸೆಲ್‌ಗಳನ್ನು ಒಂದೇ ದಿನ, ಒಂದೇ ತಟ್ಟೆಯಲ್ಲಿ ಓಡಿಸಬೇಕು. ಕರೆಂಟ್ ಹೋಗಿ ಬಂದ ಹೊತ್ತನ್ನೂ ಗುರುತು ಹಾಕಿಕೊಳ್ಳಬೇಕು. ಪೂರ್ತಿ ಚಾರ್ಜ್ ಆದ ಸೆಲ್ 4.3 ವೋಲ್ಟಿನಲ್ಲಿ ಗಂಟೆಗಟ್ಟಲೆ ಸುಮ್ಮನೆ ನಿಂತರೆ ಆ ಹೊತ್ತಿನಲ್ಲಿಯೂ ಮೇಲ್ಮೈ ಸವೆಯುತ್ತಲೇ ಇರುತ್ತದೆ.

ಅರ್ಧ ಸೆಲ್‌ನಲ್ಲಿ (ಕ್ಯಾಥೋಡಿನ ಎದುರು ಲಿಥಿಯಂ ಲೋಹವೇ ಇರುವ ಸೆಲ್) ಲಿಥಿಯಂಗೆ ಬರವಿಲ್ಲವಾದ್ದರಿಂದ ಅಡ್ಡ ಕ್ರಿಯೆಗಳಲ್ಲಿ ವ್ಯರ್ಥವಾದ ಲಿಥಿಯಂನ ನಷ್ಟ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಗ್ರಾಫೈಟ್ ಎದುರಿಗಿರುವ ಪೂರ್ಣ ಸೆಲ್‌ನಲ್ಲಿ ಅದು ಕಟ್ಟುನಿಟ್ಟಾಗಿ ಎಣಿಕೆಗೆ ಬರುತ್ತದೆ. ಪ್ರತಿ ಸುತ್ತಿಗೆ ಲಿಥಿಯಂ ಶೇ. 99.9ರಷ್ಟು ತಿರುಗಿ ಬಂದರೆ 500 ಸುತ್ತಿನ ನಂತರ ಉಳಿಯುವುದು ಶೇ. 61ಕ್ಕೂ ಕಡಿಮೆ, 500 ಸುತ್ತಿಗೆ ಶೇ. 80 ಉಳಿಯಬೇಕಾದರೆ ಪ್ರತಿ ಸುತ್ತಿಗೂ ಶೇ. 99.955 ಬೇಕು. ಮೂರನೆಯ ದಶಮಾಂಶವನ್ನು ನಂಬಿಕೆಯಿಂದ ಅಳೆಯಲಾಗದ ಯಂತ್ರದಲ್ಲಿ ಎರಡು ಲೇಪನಗಳ ದಕ್ಷತೆಯನ್ನು ಹೋಲಿಸಿ ತೀರ್ಮಾನಕ್ಕೆ ಬರಬಾರದು.

ತೂಕ

ಹನ್ನೆರಡು ಮಿಲಿಮೀಟರ್ ಅಡ್ಡಳತೆಯ ಬಿಲ್ಲೆಯ ಹರವು 1.13 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ ಐದು ಮಿಲಿಗ್ರಾಂ ಹಚ್ಚಿದ್ದರೆ ಬಿಲ್ಲೆಯ ಮೇಲಿರುವುದು 5.65 ಮಿಲಿಗ್ರಾಂ. ಕೆಳಗಿನ ಹದಿನೈದು ಮೈಕ್ರೋಮೀಟರ್ ಅಲ್ಯೂಮಿನಿಯಂ ಹಾಳೆಯ ತೂಕವೇ ಸುಮಾರು 4.6 ಮಿಲಿಗ್ರಾಂ. ಹಾಳೆ ಎಲ್ಲೋ ಒಂದು ಮೈಕ್ರೋಮೀಟರ್ ದಪ್ಪವಿದ್ದರೆ 0.3 ಮಿಲಿಗ್ರಾಂ ವ್ಯತ್ಯಾಸ ಬರುತ್ತದೆ, ಅಂದರೆ ಪುಡಿಯ ತೂಕದಲ್ಲಿ ಶೇ. 5ರಷ್ಟು ತಪ್ಪು. ಲೇಪನದಿಂದ ಸಾಮರ್ಥ್ಯ ಶೇ. 3ರಷ್ಟು ಕುಸಿಯಿತು ಎಂದು ವರದಿ ಬರೆಯುವ ಮೊದಲು, ಅದೇ ಹಾಳೆಯಿಂದ ಏನೂ ಹಚ್ಚದ ಹತ್ತು ಬಿಲ್ಲೆಗಳನ್ನು ಕತ್ತರಿಸಿ, ಒಂದೊಂದಾಗಿ ತೂಗಿ, ಅವು ಎಷ್ಟು ಹೆಚ್ಚುಕಡಿಮೆಯಾಗುತ್ತವೆ ಎಂದು ನೋಡಬೇಕು. ಈ ಕೆಲಸಕ್ಕೆ ಹತ್ತು ನಿಮಿಷ ಸಾಕು.

ನೀರು ಎಲ್ಲಿಂದ ಬಂತು

ಬಹಳಷ್ಟು ಮಂದಿ ನೀರೆಂದರೆ ಎಲೆಕ್ಟ್ರೋಲೈಟ್ ಬಾಟಲಿಯನ್ನೇ ನೋಡುತ್ತಾರೆ. ಅದನ್ನೂ ನೋಡಬೇಕು, ನೀರಿನಂತೆ ತಿಳಿಯಾಗಿರಬೇಕಾದ ದ್ರವ ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬಳಸಲೇಬಾರದು. ಆದರೆ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಒಂದು ಬಟನ್ ಸೆಲ್‌ಗೆ 80 ಮೈಕ್ರೋಲೀಟರ್ ಎಲೆಕ್ಟ್ರೋಲೈಟ್ ಹಾಕಿದರೆ ಅದರ ತೂಕ ಸುಮಾರು ನೂರು ಮಿಲಿಗ್ರಾಂ; ಹತ್ತು ಲಕ್ಷಕ್ಕೆ 20 ಭಾಗ ನೀರಿದ್ದರೂ ಅದು ಎರಡು ಮೈಕ್ರೋಗ್ರಾಂ. ಮೇಲೆ ಹೇಳಿದ 5.65 ಮಿಲಿಗ್ರಾಂ ಹಚ್ಚುವಿಕೆಯಲ್ಲಿ ಸಾವಿರಕ್ಕೆ ಒಂದು ಭಾಗ ನೀರು ಉಳಿದಿದ್ದರೆ ಅದು ಐದೂವರೆ ಮೈಕ್ರೋಗ್ರಾಮಿಗೂ ಹೆಚ್ಚು. ಸರಿಯಾಗಿ ಒಣಗದ ಎಲೆಕ್ಟ್ರೋಡ್, ಬಾಟಲಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ನೀರನ್ನು ಸೆಲ್‌ನೊಳಗೆ ತರುತ್ತದೆ.

ಆದ್ದರಿಂದ ನಾನು ಹುಡುಕುವ ಕ್ರಮ ಪುಡಿಯಿಂದ ಶುರುವಾಗುತ್ತದೆ. ಒಂದು ಗ್ರಾಂ ಪುಡಿಯನ್ನು ನೂರು ಮಿಲಿಲೀಟರ್ ಶುದ್ಧೀಕರಿಸಿದ ನೀರಿನಲ್ಲಿ ಹತ್ತು ನಿಮಿಷ ಕಲಕಿ, ಸೋಸಿ, ಪಿಎಚ್ ಅಳೆಯುತ್ತೇನೆ. ಮೂಲ ಪುಡಿ, ಖಾಲಿ ಪುಡಿ, ಲೇಪನವಿರುವ ಪುಡಿ ಮೂರಕ್ಕೂ ಒಂದೇ ನೀರು, ಒಂದೇ ಹೊತ್ತು. ತೇವದ ಗಾಳಿಗೆ ಸಿಕ್ಕ ಪುಡಿಯ ಮೇಲ್ಮೈಯಿಂದ ಲಿಥಿಯಂ ಹೊರಬಂದು ಮೊದಲು ಹೈಡ್ರಾಕ್ಸೈಡ್ ಆಗುತ್ತದೆ, ಬಳಿಕ ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿದುಕೊಂಡು ಕಾರ್ಬೊನೇಟ್ ಆಗುತ್ತದೆ. ಪಿಎಚ್ ಒಂದೇ ಪೂರ್ತಿ ಕಥೆ ಹೇಳದು. ಅದೇ ನೀರಿಗೆ ಸಾರ ಕಡಿಮೆಯಿರುವ ಹೈಡ್ರೋಕ್ಲೋರಿಕ್ ಆಮ್ಲವನ್ನು ತೊಟ್ಟಿಕ್ಕಿಸಿ, ಮೊದಲು ಫಿನಾಲ್ಫ್ತಲೀನ್, ಆಮೇಲೆ ಮೀಥೈಲ್ ಆರೆಂಜ್ ಬಣ್ಣ ಬದಲಿಸುವವರೆಗಿನ ಅಳತೆಗಳನ್ನು ತೆಗೆದುಕೊಂಡರೆ ಹೈಡ್ರಾಕ್ಸೈಡ್ ಎಷ್ಟು, ಕಾರ್ಬೊನೇಟ್ ಎಷ್ಟು ಎಂದು ಬೇರೆ ಬೇರೆಯಾಗಿ ಸಿಗುತ್ತದೆ. ಇದಕ್ಕೆ ಬೇಕಾದದ್ದು ಪದವಿ ತರಗತಿಯ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಇರುವ ಬ್ಯೂರೆಟ್ ಮಾತ್ರ. ನಮ್ಮ ತಪ್ಪಿದ ಪುಡಿಯಲ್ಲಿ ಕಾರ್ಬೊನೇಟಿನ ಪಾಲು ಮೂಲ ಪುಡಿಗಿಂತ ಕಣ್ಣಿಗೆ ಹೊಡೆಯುವಷ್ಟು ಹೆಚ್ಚಿತ್ತು, ಖಾಲಿ ಪುಡಿಯಲ್ಲೂ ಅಷ್ಟೇ ಇತ್ತು.

ಇಂಥ ಪುಡಿ ಸ್ಲರಿಯಲ್ಲೇ ತನ್ನ ಸುಳಿವು ಕೊಡುತ್ತದೆ. ಪಿವಿಡಿಎಫ್ ಅಂಟು ಕ್ಷಾರವನ್ನು ತಾಳಲಾರದು; ಕ್ಷಾರ ಸಿಕ್ಕರೆ ಅದರ ಸರಪಳಿಯಿಂದ ಹೈಡ್ರೋಜನ್ ಫ್ಲೋರೈಡ್ ಕಳಚಿ, ಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಕಲಕಿದ ಹೊಸದರಲ್ಲಿ ಅಂಬಲಿಯಂತೆ ಹರಿಯುತ್ತಿದ್ದ ಸ್ಲರಿ ಸ್ವಲ್ಪ ಹೊತ್ತು ಬಿಟ್ಟರೆ ಹಾಲುಬಾಯಿಯಂತೆ ಗಟ್ಟಿಯಾಗುತ್ತದೆ, ಬಾಟಲಿ ಓರೆ ಮಾಡಿದರೂ ಜಾರುವುದಿಲ್ಲ. ಇನ್ನಷ್ಟು ಎನ್‌ಎಂಪಿ ದ್ರಾವಕ ಸುರಿದು ಅದನ್ನು ಸಡಿಲ ಮಾಡಿ ಹಚ್ಚಿಬಿಡುವ ಆಸೆ ಯಾರಿಗೂ ಬರುತ್ತದೆ. ಹಾಗೆ ಮಾಡಬಾರದು. ಆ ಹಾಳೆ ಒಣಗಿದ ಮೇಲೆ ಬಿರುಕು ಬಿಡುತ್ತದೆ ಅಥವಾ ಫಾಯಿಲಿನಿಂದ ಸಿಪ್ಪೆಯಂತೆ ಏಳುತ್ತದೆ, ಮತ್ತು ಅದರಿಂದ ಬಂದ ಸಂಖ್ಯೆಗಳಿಗೆ ಅರ್ಥವಿರುವುದಿಲ್ಲ. ಎನ್‌ಎಂಪಿ ಕೂಡ ಗಾಳಿಯ ತೇವವನ್ನು ಹೀರುವ ದ್ರವ. ಅದರ ಬಾಟಲಿಯ ಮೇಲೂ ತೆರೆದ ದಿನಾಂಕ ಇರಬೇಕು.

ನಂತರದ ನಿಲ್ದಾಣ ಒಣಗಿಸುವ ಒಲೆ. 120 ಡಿಗ್ರಿಯಲ್ಲಿ ರಾತ್ರಿಯಿಡೀ ನಿರ್ವಾತದಲ್ಲಿ ಒಣಗಿಸಿ, ಬೆಳಿಗ್ಗೆ ಕೋಣೆಯ ಗಾಳಿಯನ್ನೇ ಒಳಬಿಟ್ಟು ಬಾಗಿಲು ತೆರೆದರೆ ರಾತ್ರಿಯ ಕೆಲಸ ಹಾಳಾಗುತ್ತದೆ. ಆರ್ಗಾನ್ ಅಥವಾ ಒಣ ನೈಟ್ರೋಜನ್ ಬಿಡುವ ಅನುಕೂಲವಿಲ್ಲದಿದ್ದರೆ ಬಿಲ್ಲೆಗಳನ್ನು ಗ್ಲೋವ್ ಬಾಕ್ಸಿನ (ಆರ್ಗಾನ್ ತುಂಬಿದ, ಕೈಗವಸಿನ ಮೂಲಕ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆಯ) ಪ್ರವೇಶ ಕೋಣೆಯಲ್ಲೇ ಬಿಸಿಮಾಡಿ ಒಣಗಿಸುವ ವ್ಯವಸ್ಥೆ ಮಾಡಿಕೊಳ್ಳುವುದು ಲೇಸು. ಎರಡು ಎಲೆಕ್ಟ್ರೋಡುಗಳನ್ನು ಬೇರೆಯಾಗಿಡುವ ಸೆಪರೇಟರ್ ಹಾಳೆಯನ್ನು ಮಾತ್ರ ಅಷ್ಟು ಕಾಯಿಸಬಾರದು, ಪಾಲಿಎಥಿಲೀನ್ ಪದರ 130 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ ಮತ್ತು ಅದಕ್ಕೂ ಬಹಳ ಮೊದಲೇ ಕುಗ್ಗುತ್ತದೆ. 50ರಿಂದ 60 ಡಿಗ್ರಿ ಸಾಕು. ಗ್ಲೋವ್ ಬಾಕ್ಸಿನ ಮೀಟರ್ ತೇವ ಕಡಿಮೆ ತೋರಿಸುತ್ತಿದೆ ಎಂದು ನೆಚ್ಚಿಕೊಳ್ಳಬೇಡಿ. ಹೊಸದಾಗಿ ಕತ್ತರಿಸಿದ ಲಿಥಿಯಂನ ಮೈ ಒಳಗೆ ಹೊಳಪು ಕಳೆದುಕೊಂಡು ಬೇಗ ಮಂಕಾಗುತ್ತಿದ್ದರೆ ಮೀಟರಿನ ಮಾತಿಗಿಂತ ಲಿಥಿಯಂನ ಮಾತನ್ನು ನಂಬಬೇಕು.

ಲೇಪನದ್ದೇ ತಪ್ಪಾಗಿದ್ದರೆ

ಖಾಲಿ ಪುಡಿ ನಿರ್ದೋಷಿ ಎಂದಾದ ಮೇಲೆ ಲೇಪನದ ಕಡೆ ತಿರುಗಬಹುದು. ಮೊದಲು ಲೆಕ್ಕ. ಪುಡಿಯ ಮೇಲ್ಮೈ ಗ್ರಾಮಿಗೆ 0.3 ಚದರ ಮೀಟರ್ ಎಂದಿಟ್ಟುಕೊಂಡರೆ ಐದು ನ್ಯಾನೊಮೀಟರ್ ಅಲ್ಯೂಮಿನಾ ಪದರಕ್ಕೆ ಬೇಕಾದದ್ದು ತೂಕದಲ್ಲಿ ಶೇ. 0.45ರಷ್ಟು ಮಾತ್ರ. ಶೇ. 2 ಹಾಕಿ ತೆಳುವಾದ ಲೇಪನ ಎಂದು ಹೇಳುವುದು ಸರಿಯಲ್ಲ. ಅಷ್ಟರಲ್ಲಿ ಪದರ ಇಪ್ಪತ್ತು ನ್ಯಾನೊಮೀಟರ್ ದಾಟುತ್ತದೆ, ಮತ್ತು ಅಲ್ಯೂಮಿನಾ ವಿದ್ಯುತ್ ಹರಿಯಗೊಡದ ವಸ್ತು. ಇನ್ನು ಅಲ್ಯೂಮಿನಿಯಂ ಐಸೊಪ್ರೊಪಾಕ್ಸೈಡ್ ಬಳಸುವವರು, ಒಂದು ಗ್ರಾಂ ಅಲ್ಯೂಮಿನಾ ಬರಬೇಕಾದರೆ ನಾಲ್ಕು ಗ್ರಾಂ ಐಸೊಪ್ರೊಪಾಕ್ಸೈಡ್ ಬೇಕು ಎಂಬುದನ್ನು ಮರೆತರೆ ಲೇಪನ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ಆ ಬಾಟಲಿಯನ್ನೂ ಕೈಯಲ್ಲಿ ಹಿಡಿದು ನೋಡಬೇಕು. ಐಸೊಪ್ರೊಪಾಕ್ಸೈಡ್ ತೇವ ಸೋಕಿದರೆ ಬಾಟಲಿಯೊಳಗೇ ಹೈಡ್ರಾಕ್ಸೈಡ್ ಆಗಲು ಶುರುವಾಗುತ್ತದೆ. ಜೂನ್‌ನಲ್ಲಿ ತೆರೆದ ಬಾಟಲಿಯ ಪುಡಿ ಆಗಸ್ಟಿನಲ್ಲಿ ಬಿಸಿ ಮಾಡಿದ ಒಣ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲೂ ಪೂರ್ತಿ ಕರಗದೆ ಬಿಳಿಯ ಗಸಿ ಬಿಟ್ಟರೆ ಅದು ಇನ್ನು ಲೇಪನಕ್ಕೆ ಬಾರದು. ಲೇಪನದ ಬೀಕರನ್ನು ಕಲಕುವುದು ನಿಲ್ಲಿಸಿ ಐದು ನಿಮಿಷ ಹಾಗೆಯೇ ಬಿಡಿ. ಕಪ್ಪು ಪುಡಿ ಭಾರವಾದದ್ದರಿಂದ ಬೇಗ ತಳ ಸೇರುತ್ತದೆ. ಮೇಲಿನ ದ್ರವ ತಿಳಿಯಾಗಿದ್ದರೆ ಒಳ್ಳೆಯ ಸೂಚನೆ. ಅಕ್ಕಿ ತೊಳೆದ ಕಲಗಚ್ಚಿನಂತೆ ಬೆಳ್ಳಗೆ ಉಳಿದರೆ ಅಲ್ಯೂಮಿನಾ ಪುಡಿಯ ಮೈಗೆ ಅಂಟದೆ ದ್ರವದಲ್ಲೇ ತನ್ನಷ್ಟಕ್ಕೆ ಹುಟ್ಟಿಕೊಂಡಿದೆ. ಅದನ್ನು ಒಣಗಿಸಿ ಕುಲುಮೆಗೆ ಹಾಕಿದರೆ ಸಿಗುವುದು ಲೇಪನವಲ್ಲ, ಎನ್‌ಎಂಸಿ ಮತ್ತು ಅಲ್ಯೂಮಿನಾದ ಬೆರಕೆ. ನಮ್ಮಲ್ಲಿ ಈ ದೋಷವೂ ಒಮ್ಮೆ ಇತ್ತು. ನಿಕಲ್ ಸಮೃದ್ಧ ಪುಡಿಗೆ ನೀರಿನ ಮಾಧ್ಯಮದಲ್ಲಿ ಲೇಪನ ಮಾಡುವುದನ್ನಂತೂ ನಾನು ಯಾರಿಗೂ ಹೇಳುವುದಿಲ್ಲ. ಮೇಲ್ಮೈಯ ಲಿಥಿಯಂ ನೀರಿಗಿಳಿದು ಅದರ ಜಾಗಕ್ಕೆ ಪ್ರೋಟಾನ್ ಬಂದು ಕೂರುತ್ತದೆ.

ಕುಲುಮೆಯ ತಾಪಮಾನ ಹೆಚ್ಚಾದಷ್ಟೂ ಅಲ್ಯೂಮಿನಿಯಂ ಮೇಲೆ ನಿಲ್ಲದೆ ಸ್ಫಟಿಕದೊಳಗೆ ಇಳಿಯುತ್ತದೆ. 600 ಡಿಗ್ರಿ ದಾಟಿದ ಮೇಲೆ ಇದು ಗಣನೀಯವಾಗುತ್ತದೆ. ಆಗ ನಿಮ್ಮಲ್ಲಿರುವುದು ಲೇಪನವಲ್ಲ, ಮಿಶ್ರಣ. ಅದರಿಂದ ಒಳಿತಾಗಲೂಬಹುದು, ಆದರೆ ಅದನ್ನು ಲೇಪನದ ಫಲವೆಂದು ಬರೆದರೆ ಓದುವವರನ್ನು ದಾರಿ ತಪ್ಪಿಸಿದಂತೆ. 811ನ್ನು ಸಾಧ್ಯವಾದಷ್ಟೂ ಆಮ್ಲಜನಕದ ಹರಿವಿನಲ್ಲೇ ಕಾಯಿಸಬೇಕು. ಕುಲುಮೆಯಿಂದ ಬಂದ ಪುಡಿ ಗಂಟಾಗಿದೆ ಎಂದು ಖಲ್ಲಿನಲ್ಲಿ ಹಾಕಿ ಬಲವಾಗಿ ಅರೆಯುವವರನ್ನು ನೋಡಿದ್ದೇನೆ. ಅರೆದಾಗ ಹತ್ತು ಮೈಕ್ರೋಮೀಟರಿನ ಉಂಡೆಗಳು ಒಡೆದು ಲೇಪನವೇ ಇಲ್ಲದ ಹೊಸ ಮೈಗಳು ತೆರೆದುಕೊಳ್ಳುತ್ತವೆ. ಮೃದುವಾಗಿ ಜರಡಿ ಹಿಡಿದರೆ ಸಾಕು. ಸೆಲ್ ನಡೆಯುವಾಗಲೂ ಇಂಥದ್ದೇ ಆಗುತ್ತದೆ: 4.2 ವೋಲ್ಟಿನ ಹತ್ತಿರ 811ರ ಸ್ಫಟಿಕ ಒಂದು ದಿಕ್ಕಿನಲ್ಲಿ ಥಟ್ಟನೆ ಕುಗ್ಗುತ್ತದೆ, ಉಂಡೆಯೊಳಗೆ ಬಿರುಕು ಬೀಳುತ್ತದೆ, ಬಿರುಕಿನೊಳಗೆ ಎಲೆಕ್ಟ್ರೋಲೈಟ್ ನುಗ್ಗುತ್ತದೆ. ಹೊರಗಿನ ಲೇಪನ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಗೆ ತಲುಪದು. ಸಾಮರ್ಥ್ಯದ ಬದಲಾವಣೆಯನ್ನು ವೋಲ್ಟೇಜಿನ ಬದಲಾವಣೆಯಿಂದ ಭಾಗಿಸಿ ಎಳೆದ ಗೆರೆಯಲ್ಲಿ ಆ 4.2 ವೋಲ್ಟಿನ ಶಿಖರ ಸುತ್ತಿನಿಂದ ಸುತ್ತಿಗೆ ತಗ್ಗುತ್ತಿದ್ದರೆ, ಚಾರ್ಜಿನ ಮೇಲ್ಮಿತಿಯನ್ನು 4.1 ವೋಲ್ಟಿಗೆ ಇಳಿಸಿ ಇನ್ನೊಂದು ಸೆಲ್ ಓಡಿಸಿ. ಅದು ಬಾಳಿದರೆ ಬಿರುಕಿನ ಕಡೆಗೆ ಅನುಮಾನ ಬಲವಾಗುತ್ತದೆ.

ಪರಮಾಣು ಪದರ ನಿಕ್ಷೇಪ ಯಂತ್ರ ಸಿಗುವವರಿಗೆ ಕೆಲಸ ಹಗುರ. ಫಿನ್‌ಲೆಂಡಿನ ಟುಮೊ ಸುಂಟೋಲಾ 1974ರಲ್ಲಿ ರೂಪಿಸಿದ ಈ ವಿಧಾನದಲ್ಲಿ ಟ್ರೈಮೀಥೈಲ್ ಅಲ್ಯೂಮಿನಿಯಂ ಮತ್ತು ನೀರಿನ ಆವಿಯನ್ನು ಒಂದಾದ ಮೇಲೊಂದು ಹಾಯಿಸಿದರೆ ಪ್ರತಿ ಸರದಿಗೆ ಸುಮಾರು 0.1 ನ್ಯಾನೊಮೀಟರ್ ಅಲ್ಯೂಮಿನಾ ಕೂರುತ್ತದೆ. ಪುಡಿಗೆ ಹಚ್ಚುವುದಕ್ಕಿಂತ ತಯಾರಾದ ಎಲೆಕ್ಟ್ರೋಡ್ ಹಾಳೆಗೇ ಹಚ್ಚಿದರೆ ಕಾರ್ಬನ್ನಿನೊಂದಿಗಿನ ಸಂಪರ್ಕ ಕಡಿಯುವುದಿಲ್ಲ.

ಲೇಪನ ಇದೆಯೇ ಎಂದು ಕ್ಷ-ಕಿರಣ ವಿವರ್ತನೆಯಲ್ಲಿ ಹುಡುಕಬೇಡಿ. ತೆಳುವಾದ, ಸ್ಫಟಿಕವಲ್ಲದ ಪದರ ಅದರಲ್ಲಿ ಕಾಣದು. ಮೇಲ್ಮೈಯ ಕೆಲವೇ ನ್ಯಾನೊಮೀಟರ್ ಆಳ ನೋಡುವ ಕ್ಷ-ಕಿರಣ ದ್ಯುತಿಎಲೆಕ್ಟ್ರಾನ್ ರೋಹಿತ ಅಥವಾ ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ನಮ್ಮಂಥವರು ಅದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆಗೆ ಮಾದರಿ ಒಯ್ಯುತ್ತೇವೆ. ಒಯ್ಯುವಾಗ ಸೀಸೆಯನ್ನು ಆರ್ಗಾನಿನಲ್ಲೇ ಮುಚ್ಚಿ, ಸಿಲಿಕಾ ಜೆಲ್ ಇಟ್ಟ ಡಬ್ಬಿಯೊಳಗೆ ಇಡಬೇಕು. ಮಳೆಯಲ್ಲಿ ಬಸ್ಸಿನಲ್ಲಿ ಹೋದ ಪುಡಿ ಅಲ್ಲಿ ತೋರಿಸುವುದು ಪ್ರಯಾಣದ ತೇವವನ್ನು.

ಕೊನೆಗೆ ಸೆಲ್ ಬಿಚ್ಚುವುದು

ಬಿಚ್ಚುವ ಮೊದಲು ಇಂಪೀಡೆನ್ಸ್ (ಬೇರೆ ಬೇರೆ ಆವರ್ತನಗಳಲ್ಲಿ ಸೆಲ್ ತೋರುವ ರೋಧ) ತೆಗೆದುಕೊಳ್ಳಬೇಕು: ಒಂದೇ ವೋಲ್ಟೇಜ್, ಒಂದೇ ತಾಪಮಾನ, ಒಂದಷ್ಟು ವಿಶ್ರಾಂತಿಯ ನಂತರ, 100 ಕಿಲೋಹರ್ಟ್ಜ್‌ನಿಂದ 10 ಮಿಲಿಹರ್ಟ್ಜ್‌ವರೆಗೆ. ಅದರ ಗೆರೆಯಲ್ಲಿ ರೋಧವನ್ನು ತೋರುವ ಅರ್ಧವೃತ್ತ ಹಿಗ್ಗಿರುವುದು ಕಂಡರೂ ಅದು ಕ್ಯಾಥೋಡಿನದೋ ಲಿಥಿಯಂನದೋ ಎಂದು ಅರ್ಧ ಸೆಲ್‌ನಲ್ಲಿ ಬಿಡಿಸಿ ಹೇಳಲಾಗದು. ಅದಕ್ಕೆಂದೇ ಒಂದೇ ಬಗೆಯ, ಒಂದೇ ಹಂತಕ್ಕೆ ಚಾರ್ಜ್ ಆದ ಎರಡು ಕ್ಯಾಥೋಡುಗಳನ್ನು ಎದುರುಬದುರು ಇಟ್ಟು ಸೆಲ್ ಕಟ್ಟಿ ಅಳೆಯುವುದು.

ಸೆಲ್ಲನ್ನು ಪೂರ್ತಿ ಡಿಸ್ಚಾರ್ಜ್ ಮಾಡಿ, ಗ್ಲೋವ್ ಬಾಕ್ಸಿನೊಳಗೆ, ಪ್ಲಾಸ್ಟಿಕ್ ತುದಿಯ ಚಿಮುಟದಿಂದಲೇ ಬಿಚ್ಚಬೇಕು. ಲೋಹದ ಚಿಮುಟ ಎರಡು ಬದಿಗೂ ತಗುಲಿದರೆ ಶಾರ್ಟ್ ಆಗುತ್ತದೆ. ಒಳಗಿನ ದ್ರವದಲ್ಲಿ ಹೈಡ್ರೋಜನ್ ಫ್ಲೋರೈಡ್ ಇರಬಹುದಾದ್ದರಿಂದ ಅದನ್ನು ಬರಿಗೈಯಲ್ಲಿ ಎಂದೂ ಮುಟ್ಟಬಾರದು. ಕ್ಯಾಥೋಡ್ ಬಿಲ್ಲೆಯನ್ನು ಡೈಮೀಥೈಲ್ ಕಾರ್ಬೊನೇಟಿನಲ್ಲಿ ಮೆಲ್ಲಗೆ ಅದ್ದಿ, ಒಣಗಿಸಿ, ಹೊಸ ಲಿಥಿಯಂ, ಹೊಸ ಸೆಪರೇಟರ್, ಹೊಸ ಎಲೆಕ್ಟ್ರೋಲೈಟ್ ಕೊಟ್ಟು ಮತ್ತೆ ಸೆಲ್ ಕಟ್ಟಿ ನಿಧಾನ ವೇಗದಲ್ಲಿ ನೋಡಬೇಕು. ಕಳೆದುಹೋದ ಸಾಮರ್ಥ್ಯ ತಿರುಗಿ ಬಂದರೆ ಕ್ಯಾಥೋಡ್ ನಿರಪರಾಧಿ, ಸತ್ತದ್ದು ಲಿಥಿಯಂ ಅಥವಾ ಬತ್ತಿದ್ದು ಎಲೆಕ್ಟ್ರೋಲೈಟ್. ಬಾರದಿದ್ದರೆ ನಷ್ಟ ಕ್ಯಾಥೋಡಿನದೇ. ನಾನು ಮಾಡುವ ಎಲ್ಲ ಪರೀಕ್ಷೆಗಳಲ್ಲಿ ಇಷ್ಟು ನೇರವಾದ ಉತ್ತರ ಕೊಡುವುದು ಇನ್ನೊಂದಿಲ್ಲ.

ನಮ್ಮ ಆ ಪುಡಿಯ ಸಾಮರ್ಥ್ಯ ತಿರುಗಿ ಬರಲಿಲ್ಲ. ಅದನ್ನು ಮತ್ತೆ ಒಣಗಿಸಿ ಬಳಸಬಹುದೇ ಎಂದು ವಿದ್ಯಾರ್ಥಿಗಳು ಕೇಳಿದರು. 120 ಡಿಗ್ರಿಯಲ್ಲಿ ನೀರು ಹೋಗುತ್ತದೆ, ಕಾರ್ಬೊನೇಟ್ ಹೋಗುವುದಿಲ್ಲ. ಲಿಥಿಯಂ ಕಾರ್ಬೊನೇಟ್ ಕರಗುವುದೇ 723 ಡಿಗ್ರಿಯಲ್ಲಿ, ಅಷ್ಟು ಕಾಯಿಸಿದರೆ ಲೇಪನ ಲೇಪನವಾಗಿ ಉಳಿಯದು. ಅಷ್ಟನ್ನೂ ಪಕ್ಕಕ್ಕಿಟ್ಟೆವು. ಹೊಸ ಪುಡಿಯನ್ನು ಆಮ್ಲಜನಕದ ಹರಿವಿನಲ್ಲಿ, ಬಾಗಿಲು ಮುಚ್ಚಿದಂತೆಯೇ 150 ಡಿಗ್ರಿಯವರೆಗೆ ಆರಿಸಿ, ಬಿಸಿಯಾಗಿರುವಾಗಲೇ ದೋಣಿಯಾಕಾರದ ಪಿಂಗಾಣಿ ಪಾತ್ರೆಯ ಸಮೇತ ನಿರ್ವಾತದ ಡೆಸಿಕೇಟರಿಗೆ (ತೇವ ತಗುಲದಂತೆ ಇಡುವ ಪಾತ್ರೆಗೆ), ಅಲ್ಲಿಂದ ನೇರವಾಗಿ ಗ್ಲೋವ್ ಬಾಕ್ಸಿಗೆ ದಾಟಿಸಿದೆವು. ಈ ಸಲ ಖಾಲಿ ಪುಡಿಯ ಗೆರೆ ಮೂಲ ಪುಡಿಯ ಗೆರೆಯನ್ನು ಬಿಟ್ಟು ಕದಲಲಿಲ್ಲ, ಲೇಪನವಿರುವ ಪುಡಿ ಮೊದಲ ಬಾರಿಗೆ ಅವೆರಡರ ಮೇಲೆ ನಿಂತಿತು. ಈಗ ಕುಲುಮೆಯ ಬಾಗಿಲಿನ ಮೇಲೆ 150 ಎಂದು ಬರೆದ ಚೀಟಿ ಅಂಟಿದೆ. ಅದನ್ನು ಬರೆದು ಅಂಟಿಸಿದವನು ಆ ಹುಡುಗನೇ.